ಹೊಲಕ್ಕೆ ಕಟ್ಟಿದ ರೀಲು

ಇವತ್ತು ಅಪ್ಪ, ನಾನು ನಮ್ಮ ಹಳೆಯ ಕಾರಿಗೆ ಬ್ಲೂಟೂತ್ ಹಾಕಿಸಲು ಶಹಾಪುರಕ್ಕೆ ಹೋಗಿದ್ದೆವು. ಮೆಕ್ಯಾನಿಕ್ ಟೇಪ್‌ರೆಕಾರ್ಡರ್ ಕಿತ್ತಾಗ ಬಂದ ಬಿಸಿ ಧೂಳಿನ ವಾಸನೆ ನನ್ನನ್ನು ಬಾಲ್ಯದ ಹಿಂದಿನ ಸೀಟಿಗೆ ಎಳೆಯಿತು.

ಕೆಂಭಾವಿ ಸಂತೆಗೆ ಹೊರಟರೆ ಅಪ್ಪ ಒಂದೇ ಕ್ಯಾಸೆಟ್ ಹಾಕುತ್ತಿದ್ದ. ತೀರಿಹೋದ ಅಜ್ಜಿ ಜೋಳ ಬೀಸುತ್ತ ಹಾಡಿದ್ದು. ಹಾಡಿನ ಹಿಂದೆ ಬೀಸುಕಲ್ಲಿನ ಗರಗರ.

ತೆನೆಗೆ ಹಕ್ಕಿ ಬೀಳದಂತೆ ನಮ್ಮಲ್ಲಿ ಹೊಲದ ಸುತ್ತ ಕ್ಯಾಸೆಟ್ ರೀಲು ಕಟ್ಟುತ್ತಿದ್ದರು. ಶಾಬಾಸ್ ಎನ್ನಿಸಿಕೊಳ್ಳಲು ನಾನೂ ಕಾರಿನಲ್ಲಿ ಕೈಗೆ ಸಿಕ್ಕ ಕ್ಯಾಸೆಟ್ಟಿನ ರೀಲು ಎಳೆದು ಕಟ್ಟಿದೆ. ಅದು ಯಾವುದೆಂದು ತಿಳಿದದ್ದು ಅಪ್ಪ ಹುಡುಕತೊಡಗಿದಾಗ. ನಾನು ಬಾಯಿ ಬಿಡಲಿಲ್ಲ. ಸುಗ್ಗಿಯವರೆಗೂ ಅದು ಗಾಳಿಗೆ ಗುಂಯ್‌ಗುಟ್ಟುತ್ತಿತ್ತು.

ಇವತ್ತು ಟೇಪ್‌ರೆಕಾರ್ಡರ್ ಕಿತ್ತ ಖಾಲಿ ಗೂಡಿನೊಳಗೆ ಅಪ್ಪ ಕೈಯಾಡಿಸಿದ. "ಒಳಗ ಒಂದು ಕ್ಯಾಸೆಟ್ ಬಿದ್ದೈತೇನು ನೋಡಪಾ, ನಮ್ಮವ್ವ ಹಾಡಿದ್ದು."

ಮೆಕ್ಯಾನಿಕ್ ಮೊಬೈಲ್ ಲೈಟ್ ಹಚ್ಚಿದ. ನಾನೂ ಬಗ್ಗಿ ಹುಡುಕಿದೆ.