ಹೇಮಾಕ್ಷಮ್ಮನವರ ರೋಬೋಟ್ ಕುಲ

ಹೇಮಾಕ್ಷಮ್ಮನವರಿಗೆ ‘ಆಗದು’ ಎಂಬ ಮಾತು ಕಂಡರೆ ಆಗದು. ಹುಟ್ಟೂರು ತಿಪಟೂರು. ವಿಜಯವಾಡದ ಒನ್ ಟೌನ್‌ನಲ್ಲಿ ಸಗಟು ಅಂಗಡಿ ಇಟ್ಟಿದ್ದ ಮನೆಗೆ ಕನ್ನಡದ ಸೊಸೆ ಆಗದು ಎಂದಿದ್ದರಂತೆ, ಬಂದರು. ಸೊಸೆ ಕೆಲಸಕ್ಕೆ ಹೋಗುವುದು ಆಗದು ಎಂದರಂತೆ. ಗಂಡ ರಾಮಮೋಹನ್ ಅವರನ್ನೂ ಹೊರಡಿಸಿಕೊಂಡು ವಿಶಾಖಪಟ್ಟಣಕ್ಕೆ ಬಂದು, ಅಚ್ಯುತಾಪುರಂನ ಔಷಧಿ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ ಹಿಡಿದರು. ನಾನು ಎರಡು ವರ್ಷದ ಮಟ್ಟಿಗೆ ಮೈಸೂರಿನಿಂದ ಅದೇ ಕಾರ್ಖಾನೆಗೆ ಬಂದವನು. ಮೂರನೇ ಭಾನುವಾರವೇ ನನ್ನ ಕೈಗೆ ಬ್ರಷ್ಷು ಕೊಟ್ಟು, ರಟ್ಟಿನ ಪೆಟ್ಟಿಗೆಗಳಿಗೆ ಬೆಳ್ಳಿ ಬಣ್ಣ ಬಳಿಯಲು ಕೂರಿಸಿದರು. ಆಗಲ್ಲ ಎನ್ನಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ.

ಪೆಟ್ಟಿಗೆಗಳು ನಾಟಕಕ್ಕೆ. ಇಲ್ಲಿನ ಕನ್ನಡ ಸಂಘದ ಒಂದು ಕೋಣೆಯಲ್ಲಿ ಅವರು ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಹನ್ನೊಂದು ಮಕ್ಕಳು, ಅಮ್ಮಂದಿರು ಕನ್ನಡದವರು, ಅಪ್ಪಂದಿರು ತೆಲುಗಿನವರು. ಆಡುವುದು, ಜಗಳವಾಡುವುದು ಎಲ್ಲ ತೆಲುಗಿನಲ್ಲಿ. ಕನ್ನಡವೇನಿದ್ದರೂ ಅಜ್ಜಿಯ ಫೋನು ಬಂದಾಗ ಮಾತ್ರ. ಸಂಘದ ಕಾರ್ಯದರ್ಶಿ ರಾಮ್‌ಪ್ರಸಾದ್ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. ಆ ಕೋಣೆಯನ್ನು ಯೋಗದವರಿಗೆ ಕೊಡುವ ಆಸೆ ಅವರಿಗೆ. "ರಾಜ್ಯೋತ್ಸವಕ್ಕೆ ಮಕ್ಕಳಿಂದ ಒಂದು ನಾಟಕ ಆಡ್ಸಿ ಮೇಡಂ. ಒಂದೇ ಒಂದು ತೆಲುಗು ಪದ ಬರಬಾರ್ದು. ಬಂದ್ರೆ, ಕ್ಲಾಸ್‌ನಿಂದ ಏನೂ ಪ್ರಯೋಜನ ಇಲ್ಲ ಅಂತ ತಾನೇ ಅರ್ಥ?" ಎಂದು ನಗುತ್ತಾ ಹೇಳಿದರು. ನನಗೆ ಮೈ ಉರಿಯಿತು.

ಹೇಮಾಕ್ಷಮ್ಮ ನಾಟಕ ಬರೆದರು. ನಮ್ಮ ಸ್ಟೋರಿನ ಹಿತ್ತಲಲ್ಲಿ ಸಾಮಾನು ಹೊರುವ ಮೂರು ಹಳೆಯ ರೋಬೋಟ್ ಗಾಡಿಗಳು ಮಳೆಬಿಸಿಲಿಗೆ ಬಿದ್ದಿವೆ. ಹೊಸವು ಬಂದ ದಿನ ಅವನ್ನು ಹೊರಗೆ ತಳ್ಳಿದ್ದರು. ನಾಟಕ ಹುಟ್ಟಿದ್ದು ಅಲ್ಲಿ. ದೂರದ ಕಾಡುಗ್ರಹವೊಂದಕ್ಕೆ ಮನುಷ್ಯರು ಗಣಿ ತೋಡಲು ಹೋಗುತ್ತಾರೆ. ಬಿರುಗಾಳಿಗೆ ಹೆದರಿ, ಹನ್ನೊಂದು ರೋಬೋಟ್‌ಗಳನ್ನು ಅಲ್ಲೇ ಬಿಟ್ಟು ಹಡಗು ಹತ್ತುತ್ತಾರೆ. ಬಳ್ಳಿಗಳು ಚಕ್ರಕ್ಕೆ ಸುತ್ತಿಕೊಳ್ಳುತ್ತವೆ. ಉಳಿದಿರುವುದು ಒಂದೇ ಸೋಲಾರ್ ಹಲಗೆ. ಯಾರ ಜೀವ ಕಡಿಮೆಯಿದೆಯೋ ಅವರಿಗೆ ಮೊದಲ ಬಿಸಿಲು, ಇದು ಕುಲದ ಮೊದಲ ಕಟ್ಟಳೆ. ಯಾರಾದರೂ ಕೆಟ್ಟು ನಿಂತರೆ ಉಳಿದವರು ಅವರ ಒಂದೊಂದು ಸ್ಕ್ರೂ ಎದೆಗೆ ಧರಿಸಬೇಕು, ಇದು ಎರಡನೆಯದು. ಆಮೇಲೆ ನಾಮಕರಣ. ಮುದುಕಿ ಕ್ರೇನು ಒಬ್ಬೊಬ್ಬರ ನೆತ್ತಿಗೆ ಎಣ್ಣೆ ಸವರಿ ಹೇಳುತ್ತದೆ: "ನೀನು ಇನ್ನು ನಂಬರ್ ಏಳಲ್ಲ. ಬಳ್ಳಿ ಆಗು!"

ಅಲ್ಲೇ ಎಡವಟ್ಟಾಯಿತು. ತಾಲೀಮಿನ ದಿನ ಹೇಮಾಕ್ಷಮ್ಮನವರೇ ಕ್ರೇನಿನ ಮಾತು ಹೇಳಿಕೊಟ್ಟು "ಬಳ್ಳಿ ಆಗು!" ಎಂದು ಕೂಗಿದರು. ಕುಣಿಯುತ್ತಿದ್ದ ಹನ್ನೊಂದೂ ರೋಬೋಟ್‌ಗಳು ಇದ್ದಲ್ಲೇ ನಿಂತುಬಿಟ್ಟವು. ಒಂದರ ಕಾಲು ಇನ್ನೂ ಗಾಳಿಯಲ್ಲಿತ್ತು.

"ಯಾಕ್ರೋ ನಿಂತ್ರಿ?"

"ನೀವೇ ಆಗು ಅನ್ನಾರು ಕದಾ ಆಂಟಿ?" ಎಂದಳು ಹತ್ತು ವರ್ಷದ ಪ್ರತ್ಯೂಷಾ.

ನೀವೇ ಆಗು ಅಂದಿರಲ್ಲ ಎಂದು ಅವಳ ಪ್ರಶ್ನೆ. ತೆಲುಗಿನಲ್ಲಿ ಆಗು ಎಂದರೆ ನಿಲ್ಲು. ಬಾಗಿಲಲ್ಲಿ ನಿಂತಿದ್ದ ರಾಮ್‌ಪ್ರಸಾದ್ ಹೊಟ್ಟೆ ಹಿಡಿದು ನಕ್ಕರು. "ಒಂಬತ್ತು ವರ್ಷ ಕಲ್ಸಿದ್ದು ಇದೇನಾ ಮೇಡಂ?" ಎಂದು ಹೊರಟರು.

ಹೇಮಾಕ್ಷಮ್ಮ ನೆಲದ ಮೇಲೆ ಕೂತುಬಿಟ್ಟರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ. ಆ ಪದ ತೆಗೆದುಹಾಕೋಣ ಎಂದೆ. ಅವರು ಕಡ್ಡಿ ಮುರಿದಂತೆ ಹೇಳಿದರು: "ಪದ ಏನ್ ತಪ್ಪು ಮಾಡಿದೆ ಅರವಿಂದ? ಮಕ್ಕಳು ತಾನೇ ಏನ್ ತಪ್ಪು ಮಾಡಿದಾರೆ? ತೆಲುಗು ಅವರ ಅಪ್ಪನ ಭಾಷೆ. ಅದನ್ನ ಮುಚ್ಚಿಟ್ಟು ಕನ್ನಡ ಆಡಿ ಅಂದ್ರೆ ಅರ್ಧ ಬಾಯಿ ಹೊಲಿದ ಹಾಗೆ."

"ಕ್ಲಾಸ್ ಹೋಗುತ್ತೆ ಮೇಡಂ."

"ಹೋಗೋದಾದ್ರೆ ಹೋಗ್ಲಿ."

ನಾಟಕದ ದಿನ ನಾಮಕರಣ ಸುಸೂತ್ರವಾಗಿ ಮುಗಿಯಿತು. ಆಮೇಲೆ ಅವರು ಹೊಸದಾಗಿ ಬರೆದ ಕೊನೆ. ಬಿಟ್ಟುಹೋದ ಹಡಗು ವರ್ಷಗಳ ಮೇಲೆ ಮರಳಿ ಬರುತ್ತದೆ, ರೋಬೋಟ್‌ಗಳನ್ನು ಗುಜರಿಗೆ ಒಯ್ಯಲು. ಹಡಗಿನ ನಾಯಕ ಹೇಮಾಕ್ಷಮ್ಮನವರ ಗಂಡ ರಾಮಮೋಹನ್. ಮೂವತ್ತೊಂದು ವರ್ಷದ ಸಂಸಾರದಲ್ಲಿ ‘ಊಟ ಆಯ್ತಾ’ ಒಂದನ್ನೇ ಕಲಿತ ಮಹಾನುಭಾವರು. ಮೈಕು ಹಿಡಿದು ತೆಲುಗಿನಲ್ಲೇ ಗದರಿದರು: "ಆಗು!"

ಹನ್ನೊಂದೂ ರೋಬೋಟ್‌ಗಳು ನಿಂತವು. ಮುಂದಿನ ಸಾಲಿನಲ್ಲಿ ರಾಮ್‌ಪ್ರಸಾದ್ ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ಮಕ್ಕಳು ಮಾತು ಮರೆತರೇನೋ ಎಂದುಕೊಂಡೆ.

ಮುದುಕಿ ಕ್ರೇನಾಗಿದ್ದ ಪ್ರತ್ಯೂಷಾ ನಿಧಾನವಾಗಿ ರಟ್ಟಿನ ಕೈ ಎತ್ತಿದಳು. "ಆಗು ಅಂದ್ರಾ? ಆದ್ವಿ. ನೀವು ಬಿಟ್ಟು ಹೋದಾಗ ನಂಬರ್ ಆಗಿದ್ವಿ. ಈಗ ಕುಲ ಆದ್ವಿ."

"ನಾನು ಬಳ್ಳಿ ಆದೆ!"

"ನಾನು ಗುಡುಗು ಆದೆ!"

ಹನ್ನೊಂದೂ ಹೆಸರು ಬಂದವು, ಒಂದೊಂದಕ್ಕೂ ಒಂದು ಹೆಜ್ಜೆ ಮುಂದೆ. ಹಡಗಿನ ನಾಯಕರು ನಿಜಕ್ಕೂ ಹಿಂದೆ ಸರಿದು ಪರದೆಗೆ ಸಿಕ್ಕಿಕೊಂಡರು. ಮಕ್ಕಳ ಅಪ್ಪಂದಿರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ನಾಚಿಕೆ ಬಿಟ್ಟು ಶಿಳ್ಳೆ ಹಾಕಿದೆ.

ರಾಮ್‌ಪ್ರಸಾದ್ ಮಾತಿಗೆ ತಪ್ಪಲಿಲ್ಲ. ಮುಂದಿನ ಭಾನುವಾರ ನಾವು ಹೋದಾಗ ಕೋಣೆಗೆ ಬೀಗ. ಬಾಗಿಲ ಮೇಲೆ ಕನ್ನಡದ ನೋಟೀಸು: ‘ಷರತ್ತು ಮುರಿದಿರುವುದರಿಂದ ಇನ್ನು ಮುಂದೆ ಕನ್ನಡ ತರಗತಿ ಆಗದು.’

ನನಗೆ ಕೋಪ ನೆತ್ತಿಗೇರಿತು. ಹರಿದುಹಾಕಲು ಕೈ ಎತ್ತಿದೆ. ಹೇಮಾಕ್ಷಮ್ಮ ತಡೆದು, "ಪ್ರತ್ಯೂಷಾ, ಓದಮ್ಮಾ" ಎಂದರು.

ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದಿದಳು. ಕೊನೆಗೆ ಮುಖ ಅರಳಿತು. "ತರಗತಿ ಆಗದು! ಅಂದ್ರೆ, ನಿಲ್ಲಲ್ಲ ಅಂತ ಅಲ್ವಾ ಆಂಟಿ?"

"ಹೌದು ಕಣೆ. ಸರಿಯಾಗಿ ಓದಿದೆ" ಎಂದರು ಹೇಮಾಕ್ಷಮ್ಮ. ನೋಟೀಸಿನ ಕೆಳಗೆ, ಮೆಟ್ಟಿಲ ಮೇಲೆ ಚಾಪೆ ಹಾಸಿದರು. "ಎಲ್ರೂ ಕೂತ್ಕೊಳ್ಳಿ. ಪುಸ್ತಕ ತೆಗೀರಿ."