ಜಯಮಾಲಾ ಆರಿಸಿದ ನಾಲ್ಕು ಗಾಲಿ

ಕಮ್ಮನಹಳ್ಳಿ ಮೇನ್ ರೋಡಿನ ಖುರ್ಷೀದ್ ಭಾಯಿಯ ಟೈರ್ ಅಂಗಡಿಗೆ ಜಯಮಾಲಾ ಮೊದಲು ಬಂದದ್ದು ಕಸ ಗುಡಿಸಲಿಕ್ಕೆ. ಲಿಂಗಸೂಗೂರು ಕಡೆಯವಳು. ಗಂಡ ಭೀಮು ಕಲ್ಯಾಣ ನಗರದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಸೆಂಟ್ರಿಂಗ್ ಕೆಲಸಕ್ಕೆ ಸೇರಿದಾಗ ಅವನ ಜೊತೆ ಬಂದು ಹಿಂದಿನ ಗಲ್ಲಿಯಲ್ಲಿ ಬಾಡಿಗೆ ರೂಮು ಹಿಡಿದಿದ್ದಳು. ಅಂಗಡಿ ಸೇರಿ ಎರಡು ತಿಂಗಳಿಂದ ಗುಡಿಸುತ್ತಲೇ ಟೈರಿನ ಕೆಲಸ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಟೈರ್ ಬಿಚ್ಚುವವನು ಬರಲಿಲ್ಲ, ಗಿರಾಕಿ ಕೂಗಾಡತೊಡಗಿದ. ಜಯಮಾಲಾ ಪೊರಕೆಯನ್ನು ಗೋಡೆಗೆ ಒರಗಿಸಿ, "ನಾ ಬಿಚ್ತೀನ್ರಿ" ಅಂದಳು. ಖುರ್ಷೀದ್ ಭಾಯಿಗೆ ನಗು ಬಂತು. ಅರ್ಧ ಗಂಟೆಯೊಳಗೆ ಟೈರು ಬಿಚ್ಚಿ, ತೇಪೆ ಹಾಕಿ, ಮತ್ತೆ ಕೂರಿಸಿ ಅವಳು ಕೈ ಒರೆಸಿಕೊಂಡಾಗ ಆ ನಗು ನಿಂತಿತ್ತು.

ಅದು ಹನ್ನೊಂದು ವರ್ಷದ ಹಿಂದಿನ ಮಾತು. ಈಗ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲದಕ್ಕೂ ಅವಳೇ ಮುಖ್ಯ. ಗಾಲಿಯನ್ನು ಮೆಷಿನ್ನಿಗೆ ಏರಿಸಿ ಒಂದು ಸುತ್ತು ಕೈಯಲ್ಲೇ ತಿರುಗಿಸಿದರೆ ಸಾಕು, ಎಲ್ಲಿ ಭಾರ ಹೆಚ್ಚಿದೆ ಎಂದು ಹೇಳಿಬಿಡುತ್ತಾಳೆ. ಮೆಷಿನ್ನಿನ ಅಂಕಿ ಆಮೇಲೆ ಬಂದು ಹೌದು ಅನ್ನುತ್ತದೆ. ಆದರೂ ಕೆಲವು ಗಿರಾಕಿಗಳು ಬಂದವರೇ ಅವಳನ್ನು ದಾಟಿ ಒಳಗೆ ಇಣುಕಿ, "ಮೆಕ್ಯಾನಿಕ್ ಇಲ್ವಾ?" ಅನ್ನುತ್ತಿದ್ದರು. ಅವಳು ಜಾಕ್ ತಂದು ಕಾರಿನಡಿ ಇಡುತ್ತಿದ್ದಳು.

ಅಂಬುಜಾ ಹಾಗೆ ಕೇಳಲಿಲ್ಲ. ಐವತ್ತೆಂಟು ವರ್ಷದ ಆಕೆ ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು, ಸ್ವಯಂ ನಿವೃತ್ತಿ ಪಡೆದು, ಬಂದ ದುಡ್ಡಿನಲ್ಲಿ ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಇಂದಿರಾನಗರದ ಮನೆಯಲ್ಲಿ ಗಂಡ ಗುರುರಾಜ್, "ತಿರುಪತಿಗೆ ಹೋಗೋಣ ಅಂದ್ರೆ ಇವಳು ರೇಸ್ ಟ್ರ್ಯಾಕಿಗೆ ಹೊರಟಿದ್ದಾಳೆ" ಎಂದು ಬಂದವರ ಎದುರೆಲ್ಲ ಹೇಳಿಕೊಂಡು ನಗುತ್ತಿದ್ದರು. ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ತಮ್ಮ ತಮ್ಮ ಕಾರುಗಳನ್ನು ಓಡಿಸಿ ಸಮಯ ಅಳೆಸಿಕೊಳ್ಳುವ ದಿನಗಳು ಇರುತ್ತವೆ. ಅಂಬುಜಾ ಒಮ್ಮೆ ಹೋಗಿ ಬಂದಿದ್ದರು. ಒಂದು ಸುತ್ತಿಗೆ ಎರಡು ನಿಮಿಷ ಮೂವತ್ತನಾಲ್ಕು ಸೆಕೆಂಡು. ಎಲ್ಲರಿಗಿಂತ ಕೊನೆ.

"ಮೂರನೇ ಸುತ್ತಿಗೆಲ್ಲ ಎಣ್ಣೆ ಮೇಲೆ ಹೋದ ಹಾಗೆ ಜಾರೋಕೆ ಶುರುವಾಯ್ತು ಜಯಮಾಲಾ. ತಿರುವಲ್ಲಿ ಏನೋ ಕೆರೆಯೋ ಸದ್ದು ಬೇರೆ. ತಪ್ಪು ನನ್ನದಾ, ಕಾರಿನದಾ ಅಂತ ಗೊತ್ತಾಗ್ಬೇಕು ನನಗೆ" ಎಂದರು.

ಜಯಮಾಲಾ ಕಾರು ಎತ್ತಿ ಚಕ್ರದ ಗೂಡಿನೊಳಗೆ ಟಾರ್ಚ್ ಬಿಟ್ಟಳು. ಹಿಂದಿನ ಮಾಲೀಕ ಅಂದಕ್ಕೆಂದು ಹಾಕಿಸಿದ್ದ ಹದಿನೇಳು ಇಂಚಿನ ಹೊಳೆಯುವ ಗಾಲಿಗಳು. ಟೈರಿನ ಅಂಚು ಒಳಗಿನ ಪ್ಲಾಸ್ಟಿಕ್ಕನ್ನು ತಿಂದು ಹಾಕಿತ್ತು. ಬಿಚ್ಚಿ ಕೈಯಲ್ಲಿ ಎತ್ತಿ ನೋಡಿದಳು. "ಭಾಳ ವಜ್ಜಾ ಅದಾವ್ರಿ ಮೇಡಂ ಇವು. ನೋಡ್ಲಿಕ್ಕೆ ಚಂದ ಅದಾವ, ಓಡ್ಲಿಕ್ಕಲ್ಲ."

ಇಂದಿರಾನಗರದಲ್ಲಿ ಅಲಾಯ್ ಗಾಲಿಗಳ ಶೋರೂಮ್ ಇಟ್ಟಿದ್ದ ಶಾಹಬಾಜ್‌ನ ಸಲಹೆ ಬೇರೆಯೇ ಇತ್ತು. ಹದಿನೆಂಟು ಇಂಚು ಹಾಕಿಸಿ, ಅಗಲದ ಟೈರು ಹಾಕಿಸಿ, ಹಿಡಿತ ತಾನಾಗಿ ಬರುತ್ತದೆ ಅಂದಿದ್ದ. ಅಂಬುಜಾ ಅದನ್ನು ಹೇಳಿದಾಗ ಜಯಮಾಲಾ ಪಕ್ಕದ ಗುಜರಿಯವನ ತೂಕದ ಕೊಕ್ಕೆ ಕೇಳಿ ತಂದು ಟೈರಿನ ಸಮೇತ ಒಂದು ಗಾಲಿ ನೇತುಹಾಕಿದಳು. ಇಪ್ಪತ್ತು ಕೆಜಿ. ಆಮೇಲೆ ಅಂಗಡಿಯ ಮೂಲೆಯಲ್ಲಿದ್ದ ಹದಿನೈದು ಇಂಚಿನ ಹಗುರ ಗಾಲಿಯೊಂದನ್ನು ಟೈರು ಹಾಕಿ ನೇತುಹಾಕಿದಳು. ಹದಿನಾಲ್ಕು.

"ಒಂದಕ್ಕ ಆರು ಕೆಜಿ. ನಾಕಕ್ಕ ಇಪ್ಪತ್ನಾಕು. ಸುಮ್ನ ಡಿಕ್ಕಿಯೊಳಗ ಕೂತಿರೋ ಭಾರ ಅಲ್ರೀ ಇದು, ತಿರುಗೋ ಭಾರ. ಪ್ರತಿ ಸಲ ಓಡಸ್ಬೇಕು, ಪ್ರತಿ ಸಲ ನಿಲ್ಲಸ್ಬೇಕು. ನಿಮ್ಮ ಕಾರು ಸಣ್ಣದು, ಹಗುರದ್ದು. ಅದಕ್ಕ ಸಣ್ಣ ಗಾಲಿನ ಸರಿ."

ಮೂವತ್ತು ವರ್ಷ ಮೈಕ್ರೋಮೀಟರ್ ಹಿಡಿದಿದ್ದ ಅಂಬುಜಾ ಕೊಕ್ಕೆಯ ಮುಳ್ಳನ್ನು ಕನ್ನಡಕ ಏರಿಸಿ ಎರಡು ಸಲ ನೋಡಿದರು. "ಸರಿ. ಎಲ್ಲಿ ಸಿಗುತ್ತೆ?"

ಅಂಗಡಿಯಲ್ಲಿದ್ದದ್ದು ಅದೊಂದೇ, ಹೊಸದು ಆ ಅಳತೆಗೆ ಸಿಗುವುದು ಕಷ್ಟ. ಜಯಮಾಲಾ ಬ್ರೇಕಿನ ಉಬ್ಬಿಗೆ ರಟ್ಟು ಹಿಡಿದು ಆಕಾರ ಕತ್ತರಿಸಿಕೊಂಡಳು. ಗಾಲಿಯ ಒಳಮೈ ಆ ರಟ್ಟಿಗೆ ತಾಗಿದರೆ ಬ್ರೇಕಿಗೂ ತಾಗಿದಂತೆ. ಮರುದಿನ ಬೆಳಿಗ್ಗೆ ಇಬ್ಬರೂ ಶಿವಾಜಿನಗರದ ಗುಜರಿ ಗಲ್ಲಿಗೆ ಹೋದರು. ಬಾಗಿಲುಗಳು, ಬಂಪರುಗಳು, ಕಣ್ಣು ಕಿತ್ತ ಹೆಡ್‌ಲೈಟುಗಳ ರಾಶಿಯ ನಡುವೆ ಅಂಬುಜಾ ಸೀರೆಯ ನೆರಿಗೆ ಎತ್ತಿ ಹಿಡಿದು ಅವಳ ಹಿಂದೆ ನಡೆದರು. ಏಳನೆಯ ಅಂಗಡಿಯಲ್ಲಿ ಧೂಳು ಹಿಡಿದ ಹದಿನೈದು ಇಂಚಿನ ಐದು ಗಾಲಿ ಸಿಕ್ಕಿದವು. ರಟ್ಟು ಸಲೀಸಾಗಿ ಒಳಗೆ ಕೂತಿತು, ನಾಲ್ಕು ಬೋಲ್ಟಿನ ಅಂತರವೂ ಹೊಂದಿತು. ಜಯಮಾಲಾ ಒಂದೊಂದನ್ನೇ ಎತ್ತಿ ಹಿಡಿದು ಸ್ಪ್ಯಾನರಿನಿಂದ ಮೆಲ್ಲಗೆ ಬಡಿದಳು. ನಾಲ್ಕು ಗಣ್ ಅಂದವು. ಒಂದು ಮಾತ್ರ ಮೊಂಡಾಗಿ ದಬ್ ಅಂದಿತು. ಬಟ್ಟೆಯಿಂದ ಉಜ್ಜಿ ನೋಡಿದರೆ ಗಾಲಿಯ ಸ್ಪೋಕ್ ಕಡ್ಡಿಯೊಂದರ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಅಂಗಡಿಯವನಿಗೇ ಅದು ಗೊತ್ತಿರಲಿಲ್ಲ. "ಆಪಾ, ನೀವು ನಮ್ಮಲ್ಲೇ ಕೆಲಸಕ್ಕೆ ಬಂದ್ಬಿಡಿ" ಅಂದ. ಉಳಿದ ನಾಲ್ಕನ್ನೂ ಕಮ್ಮನಹಳ್ಳಿಗೆ ತಂದು ಮೆಷಿನ್ನಿಗೆ ಏರಿಸಿ ಸುತ್ತಿಸಿದಳು. ಒಂದೂ ಓಲಾಡಲಿಲ್ಲ.

ಟೈರು ಇನ್ನೂ ತಲೆನೋವಾಯಿತು. ಹಲಸೂರಿನ ವ್ಯಾಪಾರಿಯೊಬ್ಬ ಹೊಸ ಸ್ಪೋರ್ಟ್ಸ್ ಟೈರು ಎಂದು ಅರ್ಧ ಬೆಲೆಗೆ ಕೊಡಲು ಬಂದ. ಜಯಮಾಲಾ ಮಗ್ಗುಲಲ್ಲಿ ಅಚ್ಚೊತ್ತಿದ್ದ ನಾಲ್ಕಂಕಿ ಓದಿದಳು: ಆರು ವರ್ಷದ ಹಿಂದೆ ತಯಾರಾದದ್ದು. ಉಗುರಿನಿಂದ ಒತ್ತಿದಳು, ರಬ್ಬರು ಕಟ್ಟಿಗೆಯಂತೆ ಸೆಟೆದಿತ್ತು. "ಇದು ನೆಲ ಹಿಡಿಯಂಗಿಲ್ರಿ" ಎಂದು ವಾಪಸ್ ಇಟ್ಟಳು. ಟ್ರ್ಯಾಕಿಗೆಂದೇ ಮಾಡಿದ ತೀರಾ ಮೆದು ಟೈರನ್ನೂ ಬೇಡವೆಂದಳು. ಕಾರು ಮುನ್ನೂರು ಚಿಲ್ಲರೆ ಕಿಲೋಮೀಟರ್ ರಸ್ತೆಯಲ್ಲೇ ಹೋಗಿ ಬರಬೇಕು, ದಾರಿಯಲ್ಲಿ ಮಳೆ ಬಂದರೆ ನೀರು ಸೀಳಿ ಹೋಗಲು ಗೀರುಗಳು ಬೇಕು. ಕೊನೆಗೆ ಆರಿಸಿದ್ದು ನಡುವಿನದು: ಮಗ್ಗುಲು ಗಟ್ಟಿ, ಮೈ ಮೆದು, ತಯಾರಾಗಿ ನಾಲ್ಕು ತಿಂಗಳು.

ಕಾರು ಸಿದ್ಧವಾದ ದಿನ ಅಂಬುಜಾ, "ನೀವೂ ಬರ್ಬೇಕು" ಎಂದು ಹಠ ಹಿಡಿದರು. ಖುರ್ಷೀದ್ ಭಾಯಿ ಒಂದೇ ಮಾತಿಗೆ ರಜೆ ಕೊಟ್ಟ. "ಹೋಗು ಜಯಾ. ನಿನ್ನ ಕೆಲಸ ಹೆಂಗೆ ಓಡುತ್ತೆ ಅಂತ ನೀನೇ ನೋಡ್ಬೇಡ್ವಾ?"

ಟ್ರ್ಯಾಕಿನಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ದುಬಾರಿ ಕಾರುಗಳು, ಹೆಲ್ಮೆಟ್ ಹಿಡಿದ ಗಂಡಸರು. ಸೂರ್ಯ ಎಂಬ ಯುವಕನೊಬ್ಬ ಕೆಂಪು ಕಾರಿನ ಪುಟ್ಟ ಗಾಲಿಗಳನ್ನು ನೋಡಿ, "ಆಂಟಿ, ಡೌನ್‌ಗ್ರೇಡ್ ಮಾಡಿಸ್ಬಿಟ್ರಾ?" ಎಂದು ನಕ್ಕ. ಜಯಮಾಲಾ, ತಿರುವಿನಲ್ಲಿ ಅಂಚು ಎಷ್ಟು ನೆಲಕ್ಕೆ ತಾಗುತ್ತದೆ ಎಂದು ತಿಳಿಯಲು, ಟೈರಿನ ಭುಜದ ಮೇಲೆ ಸೀಮೆಸುಣ್ಣದಿಂದ ಅಡ್ಡ ಗೆರೆಗಳನ್ನು ಎಳೆಯುತ್ತಿದ್ದಳು.

ಮೊದಲ ಸರದಿ ಮುಗಿಸಿ ಬಂದ ಅಂಬುಜಾರ ಮುಖ ಬಾಡಿತ್ತು. ಎರಡು ನಿಮಿಷ ಮೂವತ್ತು. "ಅಷ್ಟೆಲ್ಲ ಅಲೆದಾಡಿದ್ದಕ್ಕೆ ನಾಲ್ಕೇ ಸೆಕೆಂಡಾ? ಇನ್ನೂ ಜಾರ್ತಿದೆ."

ಜಯಮಾಲಾ ಬಗ್ಗಿ ನೋಡಿದಾಗ ಸೀಮೆಸುಣ್ಣದ ಗೆರೆ ಭುಜದ ಮೇಲೆ ಹಾಗೇ ಉಳಿದಿತ್ತು. ಅಂಚು ನೆಲಕ್ಕೆ ತಾಗಿಯೇ ಇಲ್ಲ. ಅಂಗೈ ಹತ್ತಿರ ಹಿಡಿದಳು: ನಡುಭಾಗ ಕಾದ ಹಂಚು, ಅಂಚು ಬರೀ ಬೆಚ್ಚಗೆ. ಬಿಸಿಗೆ ಗಾಳಿ ಹಿಗ್ಗಿ ಟೈರು ಉಬ್ಬಿಕೊಂಡಿದೆ, ನಡುವಿನ ಪಟ್ಟಿಯ ಮೇಲಷ್ಟೇ ಓಡುತ್ತಿದೆ. ಮೀಟರ್ ಹಾಕಿದರೆ ಗಾಳಿಯ ಒತ್ತಡ ಮೂವತ್ತೇಳು.

"ಟೈರ್ ತಪ್ಪಿಲ್ಲ, ನಿಮ್ಮ ತಪ್ಪೂ ಇಲ್ರಿ. ಗಾಳಿ ಹೆಚ್ಚಾಗ್ಯದ" ಎಂದು ನಾಲ್ಕಕ್ಕೂ ಗಾಳಿ ಬಿಟ್ಟು ಮೂವತ್ತೊಂದಕ್ಕೆ ಇಳಿಸಿದಳು. "ಈಗ ಹೋಗ್ರಿ. ಹೆದರಬ್ಯಾಡ್ರಿ."

ಎರಡನೆಯ ಸರದಿಯಲ್ಲಿ ಕೆಂಪು ಕಾರು ನೇರ ದಾರಿಯಲ್ಲಿ ದೊಡ್ಡ ಕಾರುಗಳಿಂದ ಹಿಂದೆ ಬಿದ್ದರೂ ತಿರುವು ತಿರುವಿಗೂ ಅವುಗಳ ಬೆನ್ನಿಗೆ ಅಂಟತೊಡಗಿತು. ಎರಡು ಇಪ್ಪತ್ತಮೂರು. ಜಯಮಾಲಾ ಗೆರೆ ನೋಡಿದಳು: ಬೇಕಾದಷ್ಟೇ ಅಳಿಸಿತ್ತು. ಕೊನೆಯ ಸರದಿಯಲ್ಲಿ ಎರಡು ಇಪ್ಪತ್ತೊಂದು! ಸಣ್ಣ ಎಂಜಿನ್ನಿನ ಕಾರುಗಳಲ್ಲಿ ಮೊದಲ ಸ್ಥಾನ. ಮೈಕಿನಲ್ಲಿ ಹೆಸರು ಕರೆದಾಗ ಅಂಬುಜಾ ಜಯಮಾಲಾಳ ಮಣಿಕಟ್ಟು ಹಿಡಿದು ಎಳೆದುಕೊಂಡೇ ವೇದಿಕೆ ಹತ್ತಿದರು. "ಓಡಿಸಿದ್ದು ನಾನು. ಓಡೋ ಹಾಗೆ ಮಾಡಿದ್ದು ಇವಳು" ಎಂದು ಮೈಕಿನಲ್ಲೇ ಹೇಳಿದರು. ಚಪ್ಪಾಳೆ ಜೋರಾಗಿಯೇ ಬಿತ್ತು.

ಕೆಳಗಿಳಿಯುವಷ್ಟರಲ್ಲಿ ಸೂರ್ಯ ಕಾಯುತ್ತಿದ್ದ. "ಅಕ್ಕಾ, ನನ್ನ ಟೈರೂ ಸ್ವಲ್ಪ ನೋಡ್ತೀರಾ?" ಅವನ ಹಿಂದೆ ಇನ್ನೂ ಮೂವರು. ಒಬ್ಬೊಬ್ಬರ ಕಾರಿನ ಬಳಿಯೂ ಕೂತು, ಮುಟ್ಟಿ, ಓದಿ, ಹೇಳಿದಳು. ಹೇಳಿದ್ದನ್ನು ಅವರು ಫೋನಿನಲ್ಲಿ ಬರೆದುಕೊಂಡರು.

ಸಂಜೆ ಟ್ರ್ಯಾಕ್ ಮುಚ್ಚುವ ಮುಂಚೆ ಜೊತೆಗಾರರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಲು ಬಿಡುತ್ತಾರೆ. ಅಂಬುಜಾ ಹೆಲ್ಮೆಟ್ ಚಾಚಿ, "ಬಾರೇ, ಹತ್ತು" ಅಂದರು. ಹನ್ನೊಂದು ವರ್ಷದಲ್ಲಿ ಸಾವಿರಾರು ಗಾಲಿ ಕೂರಿಸಿದವಳು, ಅವು ಪೂರಾ ವೇಗದಲ್ಲಿ ಏನು ಮಾಡುತ್ತವೆ ಎಂದು ಕಂಡವಳಲ್ಲ. ಮೊದಲ ತಿರುವಿಗೆ ಕಣ್ಣು ಮುಚ್ಚಿದಳು. ಎರಡನೆಯದಕ್ಕೆ ತೆರೆದಳು. ಮೂರನೆಯದರಲ್ಲಿ ಸೀಟಿನ ಕೆಳಗಿಂದ ಟೈರು ನೆಲವನ್ನು ಬಿಗಿಯಾಗಿ ಕಚ್ಚಿ ಹಿಡಿದದ್ದು ಬೆನ್ನುಮೂಳೆಗೆ ತಿಳಿಯಿತು. ಯಾರ ಮಾತಿಗೂ ಕಾಯದೆ ತಾನೇ ಆರಿಸಿದ್ದು, ತಾನೇ ಕೂರಿಸಿದ್ದು. ಅವಳಿಗೆ ನಗು ಒತ್ತರಿಸಿ ಬಂತು.

"ಮೇಡಂರೀ," ಎಂದು ಎಂಜಿನ್ನಿನ ಸದ್ದಿನ ಮೇಲೆ ಕೂಗಿದಳು, "ಇನ್ನಾ ಹಿಡಿತ ಅದ! ಇನ್ನಾ ಜೋರ್ ಹೊಡೀರಿ!"

ಅಂಬುಜಾ ಹೊಡೆದರು.