ಕೊಟ್ಟೀನಂತ

ಅವತ್ತು ಮೊದಲ ಏಟು ಹಾಕಿದ್ದು ನಾನು. ಅದೂ ಚಪ್ಪಲಿಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಭಾವ ಹೊಡೆದ, ಅವನ ಆಫೀಸಿನವರು ಹೊಡೆದರು, ನಾನು ಮಾತ್ರ ದೂರ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ ಅಂತ ಬರೆಯಬಹುದಿತ್ತು. ಹಾಗೆ ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಎಂಬತ್ತರ ದಶಕ ಶುರುವಾಗಿತ್ತಷ್ಟೆ. ನನ್ನೂರು ಆಂಧ್ರದ ನಂದವರಂ ಹತ್ತಿರದ, ಮನೆಮಾತು ಕನ್ನಡವಾದ ಹಳ್ಳಿ. ಆದೋನಿಯಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದೆ. ಭಾವ ಗುಂಟೂರು ಕಡೆಯವನು, ಆದೋನಿಗೆ ವರ್ಗವಾಗಿ ಬಂದು ವರ್ಷ ತುಂಬಿರಲಿಲ್ಲ. ಭಾವನಿಗೆ ಬಹುವಚನ ಹಚ್ಚುವುದು ನಮ್ಮ ಪದ್ಧತಿ. ನನ್ನ ಕೈಲಿ ಆಗುವುದಿಲ್ಲ, ಬಿಟ್ಟುಬಿಡಿ. ಅವನಿಗೆ ಕನ್ನಡ ಬಾರದು, ಕಲಿಯುವ ಮನಸ್ಸೂ ಇರಲಿಲ್ಲ. ಅವನೆದುರಿಗೆ ಅಕ್ಕ ತೆಲುಗು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಅವನು ಆಫೀಸಿಗೆ ಹೊರಟು ಬಾಗಿಲು ಹಾಕಿದ ಕೂಡಲೇ ನಾವಿಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದೆವು. ಅವರ ನಾಲ್ಕು ವರ್ಷದ ಮಗಳು ಎರಡನ್ನೂ ಕಲಸಿ ಮಾತಾಡುತ್ತಿದ್ದಳು.

ಭಾವ ಹೊಡೆಯುವ ಮನುಷ್ಯ. ಸಾರಿಗೆ ಉಪ್ಪು ಕಡಿಮೆಯಾದರೆ ಅಕ್ಕನಿಗೆ ಏಟು, ಆಫೀಸಿನಲ್ಲಿ ಸಾಹೇಬರು ಬೈದರೂ ಅಕ್ಕನಿಗೇ ಏಟು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಆ ಮನೆಯಲ್ಲಿ ಕೊತ್ತಿ ನಮ್ಮಕ್ಕ. ನಾನು ಬಂದು ಸೇರಿದ ಮೇಲೆ ಅವನಿಗೆ ಇನ್ನೊಂದು ನೆವ ಸಿಕ್ಕಿತು. ನಾನು ತಪ್ಪು ಮಾಡಿದರೂ ಬೀಳುವುದು ಅವಳಿಗೆ, ನನ್ನನ್ನು ಮನೆಗೆ ತಂದಿಟ್ಟುಕೊಂಡವಳು ಅವಳಲ್ಲವೇ. ಒಮ್ಮೆ ನನ್ನ ಕೈಜಾರಿ ಅವನ ರೇಡಿಯೊ ಬಿದ್ದು ಒಡೆಯಿತು. ಅಕ್ಕನ ಎಡಗೈಯ ಕಿರುಬೆರಳು ಇವತ್ತಿಗೂ ನೆಟ್ಟಗಿಲ್ಲ.

ಕಾರ್ತಿಕದಲ್ಲಿ ನೆಲ್ಲಿ ಮರದ ಕೆಳಗೆ ವನಭೋಜನ ಮಾಡುವುದು ನಮ್ಮ ಕಡೆ ವಾಡಿಕೆ. ಆ ವರ್ಷ ಭಾವ ಮತ್ತು ಅವನ ಆಫೀಸಿನ ಇಬ್ಬರು ಸೇರಿ ಹೆಂಡಿರು ಮಕ್ಕಳಿಗೆಲ್ಲ ಒಂದು ವ್ಯಾನು ಗೊತ್ತುಮಾಡಿದರು. ಮಾಧವರಂ ರಸ್ತೆ ಕಡೆ ಮೀಸಲು ಕಾಡಿನ ಒಂದು ಗುಡ್ಡವಿತ್ತು. ಕಾಡು ಅಂದರೆ ದೊಡ್ಡದೇನಲ್ಲ, ಜಾಲಿ, ಬಂಡೆ, ಸೀತಾಫಲದ ಗಿಡ. ಫಾರೆಸ್ಟಿನವರು ಗುಡ್ಡ ಸುತ್ತಿ ಬರಲು ಕಾಲುದಾರಿ ಮಾಡಿ, ತಿರುವುಗಳಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು. ಕೂಸುಗಳೂ ಮುದುಕರೂ ಏದುಸಿರಿಲ್ಲದೆ ನಡೆಯಬಹುದಾದ ದಾರಿ.

ವ್ಯಾನಿನಲ್ಲಿ ಮಗು ವಾಂತಿ ಮಾಡಿಕೊಂಡಿತು. ಭಾವ ಅದರ ಬೆನ್ನಿಗೆ ಗುದ್ದಿದ. ಇಳಿದು ನಡೆಯುತ್ತಿದ್ದಾಗ ಮೊದಲ ತಿರುವಿನಲ್ಲೇ ಒಂದು ಹಸಿರು ಹಾವು ದಾರಿಗೆ ಅಡ್ಡ ಬಂತು. ಯಾರಿಗೂ ಏನೂ ಮಾಡದೆ ಹೋಗುತ್ತಿತ್ತು. ಗಂಡಸರು ಮೂವರೂ ಕಲ್ಲೆತ್ತಿಕೊಂಡರು. ಸತ್ತ ಮೇಲೂ ಹಾಕಿದರು, ಅದು ಮಣ್ಣಿನಲ್ಲಿ ಕಲಸಿಹೋಗುವವರೆಗೂ ಹಾಕಿದರು. ಭಾವ ಬಾಲದ ತುಂಡನ್ನು ಎತ್ತಿ ಮಗುವಿನ ಮುಖದ ಹತ್ತಿರ ಆಡಿಸಿ ನಕ್ಕ. ಮಗು ನನ್ನ ಲಂಗ ಹಿಡಿದುಕೊಂಡು ಹಿಂದೆ ಅಡಗಿತು.

ನೆಲ್ಲಿ ಮರ ಸಿಕ್ಕಿತು. ಹೆಂಗಸರು ಮೂರು ಕಲ್ಲಿಟ್ಟು ಒಲೆ ಹಚ್ಚಿದರು, ಗಂಡಸರು ಜಮಖಾನ ಹಾಸಿ ಇಸ್ಪೀಟಿಗೆ ಕೂತರು. ಮಗುವನ್ನು ಕರೆದುಕೊಂಡು ಒಂದು ಸುತ್ತು ಹೋಗಿ ಬರುತ್ತೇನೆಂದೆ. ಅಕ್ಕ ಅನ್ನದ ಪಾತ್ರೆ ಬಿಟ್ಟು ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು, "ಕೂಸಿನ ಕೈ ಬಿಡಬ್ಯಾಡ. ಅದಕ್ಕೇನರ ಆತಂದ್ರ ಇವ್ರು ನನ್ನ ಉಳಸಂಗಿಲ್ಲ."

"ಬಿಡಕ್ಕಾ, ನನಗಷ್ಟೂ ತಿಳಿಯಂಗಿಲ್ಲೇನು?" ಅಂದೆ. ಸಿಡುಕಿಯೇ ಅಂದೆ.

ಅರ್ಧ ದಾರಿಯಲ್ಲಿ ಒಂದು ಹೆಬ್ಬಂಡೆ. ಮೇಲೆ ಹತ್ತಿದರೆ ತುಂಗಭದ್ರೆ ಕಾಣುತ್ತದೆ ಅಂತ ಯಾರೋ ಹೇಳಿದ್ದರು. "ಇಲ್ಲೇ ಕೂತಿರು, ಅಲುಗಾಡಬ್ಯಾಡ" ಅಂತ ಮಗುವನ್ನು ನೆರಳಿಗೆ ಕೂರಿಸಿ ಹತ್ತಿದೆ. ದೂರದಲ್ಲಿ ಹೊಳೆ ಬೆಳ್ಳಗೆ ಕಂಡಿತು. ಮೇಲೆ ಗಾಳಿ ಬೀಸುತ್ತಿತ್ತು. ಬೈಯುವವರಿಲ್ಲ, ಪಾತ್ರೆ ಬೀಳುವ ಸದ್ದಿಲ್ಲ. ಕೂತೆ. ಎಷ್ಟು ಹೊತ್ತು ಕೂತೆ ಅಂತ ದೇವರಾಣೆಗೂ ಗೊತ್ತಿಲ್ಲ.

ಇಳಿದು ಬಂದಾಗ ಮಗು ಇರಲಿಲ್ಲ.

"ಕೂಸೇ, ಎಲ್ಲಿದ್ದೀಯೇ, ಓ ಅನ್ನೇ" ಅಂತ ಗಂಟಲು ಹರಿಯುವ ಹಾಗೆ ಕೂಗಿಕೊಂಡು ದಾರಿಯುದ್ದಕ್ಕೂ ಓಡಿದೆ. ನನ್ನ ಕೂಗು ಕೆಳಗೂ ಕೇಳಿಸಿತು. ಗಂಡಸರು ಇಸ್ಪೀಟು ಬಿಟ್ಟು ಏರಿ ಬರುತ್ತಿರುವ ಬೂಟಿನ ಸದ್ದು ಬಂತು. ಮಗು ಸಿಗದಿದ್ದರೆ ಎಂಬ ಭಯಕ್ಕಿಂತ, ಅವರು ಬರುವುದರೊಳಗೆ ಸಿಗದಿದ್ದರೆ ಎಂಬ ಭಯವೇ ದೊಡ್ಡದಾಗಿತ್ತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೇ.

ಮುಂದಿನ ತಿರುವಿನಲ್ಲಿ ಸೀತಾಫಲದ ಗಿಡಗಳ ನಡುವೆ ಆಡುಗಳು ಮೇಯುತ್ತಿದ್ದವು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದ ಒಬ್ಬ ಮುದುಕ ಮಗುವಿನ ಕೈ ಹಿಡಿದು ನಿಂತಿದ್ದ. ಮಗುವಿನ ಮೊಣಕಾಲಲ್ಲಿ ರಕ್ತ. ಒಂದು ಕೆನ್ನೆ ಕೆಂಪಗೆ ಊದಿತ್ತು. ನನ್ನನ್ನು ನೋಡಿದ್ದೇ ತಡ ಹೋ ಎಂದು ಅಳತೊಡಗಿತು.

"ಏನಾತೇ?" ಅಂದೆ.

ಬಿಕ್ಕುತ್ತಾ ಮುದುಕನ ಕಡೆ ಕೈ ಮಾಡಿ ಅಂದಿತು, "ತಾತ... ಕೊಟ್ಟ."

ತೆಲುಗು ಬಾರದವರಿಗೆ ಇದನ್ನು ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಕೊಟ್ಟ ಅಂದರೆ ನೀಡಿದ. ತೆಲುಗಿನಲ್ಲಿ ಕೊಟ್ಟುವುದೆಂದರೆ ಹೊಡೆಯುವುದು. ಆ ಮಗುವಿನ ಬಾಯಲ್ಲಿ ಈ ಮಾತು ದಿನಾ ಇರುತ್ತಿತ್ತು: ನಾನ್ನ ಅಮ್ಮನ್ನ ಕೊಟ್ಟ, ನಾನ್ನ ನನ್ನ ಕೊಟ್ಟ. ನಾನ್ನ ಅಂದರೆ ಅಪ್ಪ. ಆ ಮನೆಯಲ್ಲಿ ಇದ್ದೂ ಇದ್ದೂ, ಅದಕ್ಕೆ ಇನ್ನೊಂದು ಅರ್ಥವಿದೆ ಎಂಬುದೇ ನನಗೆ ಮರೆತುಹೋಗಿತ್ತು.

ಚಪ್ಪಲಿ ಕಳಚಿ ಮುದುಕನ ಮುಖಕ್ಕೆ ಬಾರಿಸಿದೆ. ಎರಡನೇ ಏಟಿಗೆ ಅವನ ತುಟಿ ಒಡೆಯಿತು. ಅವನು ಕೈ ಅಡ್ಡ ಹಿಡಿಯಲೂ ಇಲ್ಲ, ಪೆಚ್ಚಾಗಿ ನೋಡಿದ.

"ಯಾಕವ್ವಾ? ಕೂಸು ಬಿದ್ದು ಅಳಾಕತ್ತಿತ್ತು. ಕೆನ್ನಿಗೆ ಕಣಜದ ಹುಳ ಕಡದೈತಿ, ಸುಣ್ಣ ಹಚ್ಚೀನಿ. ಹಣ್ಣು ಕೊಟ್ಟೀನಿ. ನೀ ಕೂಗೋದು ಕೇಳಿ ನಿನ್ನ ಹತ್ರಾನ ಕರ್ಕೊಂಡು ಬರಾಕತ್ತಿದ್ದೆ."

ಹೊಳೆಯಾಚೆಯ ರಾಯಚೂರು ಸೀಮೆಯ ಕನ್ನಡ. ಒಂದಕ್ಷರ ಬಿಡದೆ ತಿಳಿಯಿತು. ಆಗ ಕಂಡೆ, ಊದಿದ ಕೆನ್ನೆಯ ಮೇಲೆ ಸುಣ್ಣದ ಬೊಟ್ಟು. ಮಗುವಿನ ಇನ್ನೊಂದು ಕೈಯಲ್ಲಿ ಅರ್ಧ ತಿಂದ ಸೀತಾಫಲ.

ಅಷ್ಟರಲ್ಲಿ ಭಾವ ಬಂದ, ಹಿಂದೆ ಆ ಇಬ್ಬರು. ನನ್ನ ಕೈಯಲ್ಲಿ ಚಪ್ಪಲಿ, ಮುದುಕನ ಬಾಯಲ್ಲಿ ರಕ್ತ, ಮಗುವಿನ ಕೆನ್ನೆ. ಅವರಿಗೆ ಅಷ್ಟು ಸಾಕಾಗಿತ್ತು. ಇವರಾದರೂ ಕೇಳಿಯಾರು ಅಂತ ಮುದುಕ ಭಾವನಿಗೆ ಕೈಮುಗಿದ. "ನಾನಽ ಕೊಟ್ಟೀನ್ರಿ ಸಾಹೇಬ್ರ. ಹೌದ್ರಿ, ನಾನಽ ಕೊಟ್ಟೀನಿ."

ಭಾವನ ಮುಖ ಕಪ್ಪಿಟ್ಟಿತು. ಆದರೂ ನನ್ನ ಕಡೆ ತಿರುಗಿ ಕೇಳಿದ, "ಏಮಂಟಾಡು ವಾಡು?" ಏನಂತಾನೆ ಅವನು?

ಕೇಳಿದ. ಅಷ್ಟರ ಮಟ್ಟಿಗೆ ಅವನನ್ನು ಮೆಚ್ಚಬೇಕು.

ಹಣ್ಣು ಕೊಟ್ಟನಂತೆ ಎಂದು ತೆಲುಗಿನಲ್ಲಿ ಹೇಳಿದರೆ ಅವನ ಮುಂದಿನ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು. ಮಗು ಒಂಟಿಯಾಗಿ ಇಲ್ಲಿಗೆ ಹೇಗೆ ಬಂತು? ಅದಕ್ಕೆ ಉತ್ತರ ಹೇಳಬೇಕಾದವಳು ನಾನು, ಏಟು ತಿನ್ನಬೇಕಾದವಳು ಅಕ್ಕ. ಮುದುಕನ ಮಾತನ್ನೇ ಹಾಗೇ ಎತ್ತಿ ಹೇಳಿದೆ. "ಕೊಟ್ಟೀನಂತ."

ಒಂದಕ್ಷರವೂ ಸುಳ್ಳಿಲ್ಲ. ಕನ್ನಡದಲ್ಲಿ ಹೇಳಿದೆ, ಅವನು ತೆಲುಗಿನಲ್ಲಿ ಕೇಳಿಸಿಕೊಂಡ. ಹಾಗೇ ಕೇಳಿಸಿಕೊಳ್ಳುತ್ತಾನೆಂದು ಗೊತ್ತಿದ್ದೇ ಹೇಳಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಅಂತ ನಮ್ಮವ್ವ ಅನ್ನುತ್ತಿದ್ದಳು. ಚಪ್ಪಲಿ ಏಟು ಸಿಟ್ಟಿನದು, ಒಪ್ಪಿದೆ. ಈ ಮಾತು ಆಡುವಾಗ ನನಗೆ ಸಿಟ್ಟೇ ಇರಲಿಲ್ಲ.

ಭಾವ ಮುದುಕನ ಕೋಲನ್ನೇ ಕಸಿದುಕೊಂಡ. ಮೊದಲನೆಯದು ಕಿವಿಯ ಮೇಲೆ ಬಿತ್ತು. ಮುದುಕ ಕೂತುಬಿಟ್ಟ. ಆಮೇಲೆ ಬೆನ್ನು, ಹೆಗಲು. ಅಡ್ಡ ಹಿಡಿದ ಎಡಗೈಗೆ ಬಿದ್ದಾಗ ಒಣ ಕಟ್ಟಿಗೆ ಮುರಿದ ಸದ್ದಾಯಿತು. ಕೋಲು ಮುರಿದಿರಲಿಲ್ಲ. ಆ ಇಬ್ಬರೂ ಬೂಟುಗಾಲಲ್ಲಿ ಪಕ್ಕೆಗೆ ಒದ್ದರು. ಒದೆಯುವಾಗ ಒಬ್ಬ ಬೀಳಬಾರದೆಂದು ಇನ್ನೊಬ್ಬನ ಭುಜ ಹಿಡಿದುಕೊಂಡಿದ್ದ. ಆಡುಗಳು ಚೆಲ್ಲಾಪಿಲ್ಲಿಯಾಗಿ ಓಡಿದವು. ಮುದುಕ ಮೊದಮೊದಲು "ಕೊಟ್ಟೀನ್ರಿ, ಕೊಟ್ಟೀನ್ರೀ" ಅನ್ನುತ್ತಲೇ ಇದ್ದ. ಅಂದಷ್ಟೂ ಬಿದ್ದವು. ಆಮೇಲೆ ಸುಮ್ಮನಾದ. ನಾನು ಮಗುವಿನ ಮುಖವನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದಿದ್ದೆ. ನೋಡಬಾರದೆಂದು ಹಿಡಿದೆನೋ, ಮಾತಾಡಬಾರದೆಂದು ಹಿಡಿದೆನೋ, ಈಗ ಹೇಳಲಾರೆ.

ಮಗು ನನ್ನ ಕೈ ಕಚ್ಚಿ ಬಿಡಿಸಿಕೊಂಡಿತು. ಅಪ್ಪನ ಪ್ಯಾಂಟು ಜಗ್ಗಿ ಸೀತಾಫಲವನ್ನು ಎತ್ತಿ ತೋರಿಸಿತು. "ಪಂಡು ನಾನ್ನಾ. ತಾತ ಪಂಡು ಇಚ್ಚಿನಾಡು." ಹಣ್ಣು ಅಪ್ಪಾ, ತಾತ ಹಣ್ಣು ಕೊಟ್ಟರು. ನಾನು ಹೇಳಬೇಕಾಗಿದ್ದ ತೆಲುಗನ್ನು ನಾಲ್ಕು ವರ್ಷದ ಕೂಸು ಹೇಳಿತು.

ಭಾವ ಹಣ್ಣು ನೋಡಿದ, ಮುದುಕನನ್ನು ನೋಡಿದ. ಕೋಲು ಬಿಸಾಕಿದ. ಮೊದಲೇ ತೆಲುಗಿನಲ್ಲಿ ಹೇಳಬಹುದಿತ್ತಲ್ಲ ಈ ಮುದಿಯ, ಎಂದು ಆ ಇಬ್ಬರಿಗೆ ಹೇಳಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಇಳಿದು ಹೋದ. ಹೆಂಗಸರಿಗೆ ಏನೂ ಹೇಳಬೇಡಿ ಅಂತ ಒಬ್ಬ ಅನ್ನುತ್ತಿದ್ದ. ಮಗು ಯಾಕೆ ಒಂಟಿಯಾಗಿತ್ತು ಎಂದು ಭಾವ ಅವತ್ತೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಅಕ್ಕನಿಗೆ ಅವತ್ತು ಏಟು ಬೀಳಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು. ನೆಲ್ಲಿ ಮರದ ಕೆಳಗೆ ಎಲೆ ಹಾಕಿದಾಗ ಅವಳು ನಗುನಗುತ್ತಾ ಬಡಿಸಿದಳು, ನಾನು ಉಂಡೆ. ಹಸಿದಿದ್ದೆ, ಎರಡು ಸಲ ಹಾಕಿಸಿಕೊಂಡು ಉಂಡೆ. ಮುಂದಿನ ವಾರ ಬೇರೇನಕ್ಕೋ ಅವಳಿಗೆ ಬಿತ್ತು.

ಆದರೆ ಗುಡ್ಡ ಇಳಿಯುವ ಮುಂಚೆ ಇನ್ನೊಂದು ನಡೆಯಿತು. ಇದನ್ನು ಅಕ್ಕನಿಗೂ ಹೇಳಿಲ್ಲ. ಗಂಡಸರು ತಿರುವು ದಾಟಿದ್ದರು. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಮುದುಕ ಬಲಗೈ ಊರಿ ಎದ್ದು ಕೂತ. ಎಡಗೈ ಜೋತು ಬಿದ್ದಿತ್ತು, ಕಿವಿಯಿಂದ ಇಳಿದ ರಕ್ತ ಕಂಬಳಿಗೆ ಹಿಡಿಯುತ್ತಿತ್ತು. ಬೈಯಲಿಲ್ಲ, ಶಪಿಸಲಿಲ್ಲ. ನಿಜವಾಗಿ ತಿಳಿಯದೆ ಕೇಳುವವನ ಹಾಗೆ ಕೇಳಿದ.

"ನಿನಗ ಕನ್ನಡ ಬರತೈತಲ್ಲವ್ವಾ. ಹೇಳಬೇಕಿತ್ತಿಲ್ಲ?"

ಅಲ್ಲಿ ಭಾವ ಇರಲಿಲ್ಲ. ಅಕ್ಕನನ್ನು ಉಳಿಸಿಕೊಳ್ಳುವ ಮಾತೂ ಇರಲಿಲ್ಲ. ಯಾರ ಭಯವೂ ಇಲ್ಲದ ಜಾಗದಲ್ಲಿ, ಅವನ ಕಣ್ಣು ತಪ್ಪಿಸಿ, ತೆಲುಗಿನಲ್ಲಿ ಅಂದೆ:

"ನಾಕು ಕನ್ನಡಂ ರಾದು." ನನಗೆ ಕನ್ನಡ ಬರುವುದಿಲ್ಲ.

ಅವನಿಗೆ ಅಷ್ಟು ತೆಲುಗು ತಿಳಿಯಿತೆಂದು ಕಾಣುತ್ತದೆ. ತಲೆಯಾಡಿಸಿ, ಆಡು ಕರೆಯತೊಡಗಿದ.